ಕಾದಂಬರಿಯ ಉತ್ತರಭಾಗ: ಒಂದು ಪ್ರೇಮಕಥೆಯ ಕೊನೆಯ ಸಂಪುಟ

ಅಹಮದಾಬಾದ್, ವಡೋದರಾ, ಸೂರತ್ ನಗರಗಳ ಕನ್ನಡ ಕುಟುಂಬಗಳಲ್ಲಿ ಕಾಲೇಜಿಗೆ ಹೋಗುವ ಮಕ್ಕಳ ಮೇಜಿನ ಮೇಲೆ ಈಚೆಗೆ ಒಂದು ಬಗೆಯ ದಪ್ಪನೆಯ ಇಂಗ್ಲಿಷ್ ಪುಸ್ತಕಗಳು ಕಾಣಸಿಗುತ್ತವೆ. ಹೊದಿಕೆಯ ಮೇಲೆ ಬೆಂಕಿಯುಗುಳುವ, ರೆಕ್ಕೆಯುಳ್ಳ ಮಹಾಸರ್ಪದ ಚಿತ್ರ. ಒಳಗೆ ಅಂತಹ ಸರ್ಪಗಳನ್ನೇರಿ ಆಕಾಶದಲ್ಲಿ ಹೋರಾಡುವ ತರುಣ ತರುಣಿಯರ ಪ್ರೇಮಕಥೆ. ಡ್ರ್ಯಾಗನ್ ಎಂದು ಪಾಶ್ಚಾತ್ಯರು ಕರೆಯುವ ಈ ಪ್ರಾಣಿಯ ಕಥೆಗಳು ಒಂದು ಸಂಪುಟಕ್ಕೆ ಮುಗಿಯುವುದಿಲ್ಲ. ಮೂರು, ನಾಲ್ಕು, ಐದು ಎಂದು ಬೆಳೆಯುತ್ತಾ ಹೋಗುತ್ತವೆ. ಕೊನೆಯ ಸಂಪುಟ ಹೊರಬೀಳುವ ದಿನಕ್ಕಾಗಿ ಓದುಗರು ವರ್ಷಗಟ್ಟಲೆ ಕಾಯುತ್ತಾರೆ; ಮುಂಗಡ ಹಣ ಕಟ್ಟಿ ಪ್ರತಿಯನ್ನು ಕಾದಿರಿಸುವುದೂ ಉಂಟು. ನಾಯಕ ಬದುಕುವನೇ, ಅಗಲಿದವರು ಕೂಡುವರೇ, ಮೊದಲ ಸಂಪುಟದಲ್ಲಿ ಕಟ್ಟಿದ ಗಂಟುಗಳೆಲ್ಲ ಬಿಚ್ಚುವವೇ ಎಂಬುದೇ ಅವರ ಚಿಂತೆ. ಮನೆಯ ಹಿರಿಯರಿಗೆ ಇದೊಂದು ಹೊಸ ಹುಚ್ಚಿನಂತೆ ತೋರಬಹುದು.

ವಾಸ್ತವವಾಗಿ ಈ ಹುಚ್ಚು ಹೊಸದಲ್ಲ. ಗದ್ಯದಲ್ಲಿ ಬರೆದ ದೀರ್ಘ ಕಥೆಗೆ ಗುಜರಾತಿಗಳು ನವಲಕಥಾ ಎನ್ನುತ್ತಾರೆ. ಹಿಂದಿ ಬಂಗಾಳಿಗಳಲ್ಲಿ ಅದಕ್ಕೆ ಉಪನ್ಯಾಸವೆಂದು ಹೆಸರು. ಕನ್ನಡಿಗರೂ ಮರಾಠಿಗರೂ ಮಾತ್ರ ಅದನ್ನು ಕಾದಂಬರಿ ಎಂದು ಕರೆಯುತ್ತಾರೆ. ಕಾದಂಬರಿ ಎಂಬುದು ಒಬ್ಬ ಗಂಧರ್ವ ಕನ್ಯೆಯ ಹೆಸರು. ಅವಳ ಪ್ರೇಮಕಥೆ ಶಾಪ, ಪುನರ್ಜನ್ಮ, ಮಾತನಾಡುವ ಗಿಳಿ, ದಿವ್ಯಾಶ್ವ, ಚಂದ್ರಲೋಕಗಳಿಂದ ಕೂಡಿದ ಅದ್ಭುತಕಥೆ. ಒಂದು ಭಾಷೆಯವರು ಒಂದು ಸಾಹಿತ್ಯಪ್ರಕಾರಕ್ಕೆ ಅದರ ನಾಯಿಕೆಯ ಹೆಸರನ್ನೇ ಇಟ್ಟಿದ್ದಾರೆಂದರೆ ಆ ಕಥೆ ಅವರ ಮನಸ್ಸನ್ನು ಎಷ್ಟು ಹಿಡಿದಿರಬೇಕೆಂಬುದನ್ನು ಊಹಿಸಬಹುದು. ಆ ಕಥೆಗೂ ಒಂದು ಕೊನೆಯ ಸಂಪುಟವಿದೆ. ಅದು ಹುಟ್ಟಿದ ಬಗೆ ಕಥೆಯಷ್ಟೇ ಸ್ವಾರಸ್ಯವಾದುದು.

ಕಾದಂಬರಿಯನ್ನು ಆರಂಭಿಸಿದವನು ಬಾಣಭಟ್ಟ. ಇವನು ಕ್ರಿ.ಶ. 606ರಿಂದ 647ರವರೆಗೆ ಆಳಿದ ಹರ್ಷವರ್ಧನನ ಆಶ್ರಯದಲ್ಲಿದ್ದ ಗದ್ಯಕವಿ. ಬಾದಾಮಿಯ ಇಮ್ಮಡಿ ಪುಲಕೇಶಿಯು ತಡೆದು ಹಿಮ್ಮೆಟ್ಟಿಸಿದ ಹರ್ಷನೇ ಇವನು. ವಡೋದರೆಯಿಂದ ಸೂರತ್ತಿಗೆ ಹೋಗುವ ರೈಲು ಭರೂಚಿನ ಬಳಿ ದಾಟುವ ನರ್ಮದೆಯೇ ಅಂದು ಉಭಯರಾಜ್ಯಗಳ ಗಡಿಯಾಯಿತೆಂಬುದನ್ನು ಕನ್ನಡ ಪ್ರಯಾಣಿಕರು ನೆನೆಯಬಹುದು. ಬಾಣನ ಕಥೆ ಮಾತ್ರ ಯಾವ ಗಡಿಗೂ ನಿಲ್ಲದೆ ಆ ನದಿಯನ್ನು ದಾಟಿ ದಕ್ಷಿಣಕ್ಕೆ ಬಂದಿತು.

ಕಥೆಯ ಮೊದಲ ಭಾಗ ಹೀಗಿದೆ. ವಿದಿಶಾನಗರದ ಶೂದ್ರಕ ಮಹಾರಾಜನ ಸಭೆಗೆ ಚಂಡಾಲ ಕನ್ಯೆಯೊಬ್ಬಳು ಒಂದು ಗಿಳಿಯನ್ನು ತರುತ್ತಾಳೆ. ವೈಶಂಪಾಯನನೆಂಬ ಹೆಸರಿನ ಆ ಗಿಳಿ ತಾನು ವಿಂಧ್ಯಾಟವಿಯಲ್ಲಿ ತಂದೆಯನ್ನು ಕಳೆದುಕೊಂಡ ಬಗೆಯನ್ನೂ ಜಾಬಾಲಿ ಮುನಿಯ ಆಶ್ರಮವನ್ನು ಸೇರಿ ಅಲ್ಲಿ ಕೇಳಿದ ಕಥೆಯನ್ನೂ ಹೇಳತೊಡಗುತ್ತದೆ. ಉಜ್ಜಯಿನಿಯ ರಾಜ ತಾರಾಪೀಡನ ಮಗ ಚಂದ್ರಾಪೀಡ. ಮಂತ್ರಿ ಶುಕನಾಸನ ಮಗ ವೈಶಂಪಾಯನ ಅವನ ಪ್ರಾಣಮಿತ್ರ. ಇಂದ್ರಾಯುಧವೆಂಬ ಅಪೂರ್ವ ಕುದುರೆ ಅವನ ವಾಹನ. ಪತ್ರಲೇಖೆ ಎಂಬ ತರುಣಿ ಅವನ ತಾಂಬೂಲವಾಹಿನಿ. ದಿಗ್ವಿಜಯಕ್ಕೆ ಹೊರಟ ರಾಜಕುಮಾರ ಕಿನ್ನರ ದಂಪತಿಗಳನ್ನು ಬೆನ್ನಟ್ಟಿ ಅಚ್ಛೋದ ಸರೋವರದ ತೀರಕ್ಕೆ ಬಂದಾಗ ಶಿವಾಲಯದಲ್ಲಿ ವೀಣೆ ನುಡಿಸುತ್ತಿದ್ದ ಮಹಾಶ್ವೇತೆಯನ್ನು ಕಾಣುತ್ತಾನೆ. ಅವಳು ಪುಂಡರೀಕನೆಂಬ ಮುನಿಕುಮಾರನನ್ನು ಪ್ರೀತಿಸಿದ್ದಳು. ಅವನು ಚಂದ್ರೋದಯದ ವೇಳೆ ವಿರಹತಾಪವನ್ನು ತಾಳಲಾರದೆ, ಅವಳು ಬರುವಷ್ಟರಲ್ಲೇ ಪ್ರಾಣಬಿಟ್ಟನು. ಚಂದ್ರಮಂಡಲದಿಂದ ಇಳಿದುಬಂದ ದಿವ್ಯಪುರುಷನೊಬ್ಬ ಶವವನ್ನು ಎತ್ತಿಕೊಂಡು, ಪುನಸ್ಸಮಾಗಮ ಉಂಟೆಂದು ಹೇಳಿ ಮರೆಯಾದನು. ಪುಂಡರೀಕನ ಗೆಳೆಯ ಕಪಿಂಜಲನು ಅವನ ಹಿಂದೆಯೇ ಆಕಾಶಕ್ಕೆ ಹಾರಿ ಹೋದವನು ಹಿಂದಿರುಗಲೇ ಇಲ್ಲ. ಅಂದಿನಿಂದ ಮಹಾಶ್ವೇತೆ ತಪಸ್ವಿನಿ. ಅವಳ ಗೆಳತಿಯೇ ಕಾದಂಬರಿ. ಸಖಿಯು ದುಃಖದಲ್ಲಿರುವಾಗ ತಾನು ಮದುವೆಯಾಗಲಾರೆನೆಂದು ಹಟ ಹಿಡಿದವಳು. ಚಂದ್ರಾಪೀಡನನ್ನು ನೋಡಿದ ದಿನ ಆ ಹಟ ಅಲುಗಾಡುತ್ತದೆ. ಅಷ್ಟರಲ್ಲಿ ಉಜ್ಜಯಿನಿಯಿಂದ ತಂದೆಯ ಓಲೆ ಬಂದು ರಾಜಕುಮಾರ ಹಿಂದಿರುಗಬೇಕಾಗುತ್ತದೆ. ಅವನು ಸೇನೆಯನ್ನು ವೈಶಂಪಾಯನನಿಗೆ ಒಪ್ಪಿಸಿ, ಪತ್ರಲೇಖೆಯನ್ನು ಕಾದಂಬರಿಯ ಬಳಿ ಬಿಟ್ಟು ಹೋಗುತ್ತಾನೆ. ಕೆಲವು ದಿನಗಳ ಮೇಲೆ ಪತ್ರಲೇಖೆ ಬಂದು ಕಾದಂಬರಿಯ ಅಳಲನ್ನು ಅವಳ ಮಾತುಗಳಲ್ಲೇ ಹೇಳತೊಡಗುತ್ತಾಳೆ.

ಅಲ್ಲಿಗೆ ಕಥೆ ನಿಂತುಹೋಯಿತು. ನಾಯಿಕೆ ತನ್ನ ಮನಸ್ಸನ್ನು ತೋಡಿಕೊಳ್ಳುತ್ತಿರುವಾಗಲೇ, ಮಾತಿನ ನಡುವೆಯೇ, ಬಾಣನ ಲೇಖನಿ ನಿಂತಿತು. ಅವನು ತೀರಿಕೊಂಡನು.

ಆ ಮಾತನ್ನು ಎತ್ತಿಕೊಂಡು ಮುಂದುವರಿಸಿದವನು ಅವನ ಮಗ. ಹಸ್ತಪ್ರತಿಗಳಲ್ಲಿ ಅವನಿಗೆ ಭೂಷಣಭಟ್ಟ, ಪುಲಿಂದ ಮುಂತಾದ ಹೆಸರುಗಳಿವೆ. ಅವನಾದರೋ ತನ್ನ ಹೆಸರನ್ನು ಕಾವ್ಯದಲ್ಲಿ ಎಲ್ಲಿಯೂ ಹೇಳಿಕೊಳ್ಳಲಿಲ್ಲ. ಉತ್ತರಭಾಗದ ಮೊದಲಿಗೆ ಕೆಲವು ಪದ್ಯಗಳಲ್ಲಿ ತನ್ನ ಸಂಕೋಚವನ್ನಷ್ಟೇ ನಿವೇದಿಸಿದ್ದಾನೆ. ತಂದೆಯು ಸ್ವರ್ಗಸ್ಥನಾದಾಗ ಅವನ ವಾಣಿಯೊಡನೆ ಕಥೆಯ ಪ್ರವಾಹವೂ ಕಡಿದುಹೋಯಿತು. ಅದು ಮುಗಿಯದೆ ಉಳಿದುದಕ್ಕೆ ಸಜ್ಜನರು ಪಡುತ್ತಿದ್ದ ದುಃಖವನ್ನು ನೋಡಲಾರದೆ ತಾನು ಇದಕ್ಕೆ ಕೈಹಾಕಿದುದೇ ಹೊರತು ಕವಿತ್ವದ ಗರ್ವದಿಂದಲ್ಲ ಎಂಬುದು ಅವನ ಮಾತಿನ ತಾತ್ಪರ್ಯ. ಕಾದಂಬರಿ ಎಂಬ ಪದಕ್ಕೆ ಮದ್ಯವೆಂಬ ಅರ್ಥವೂ ಇರುವುದರಿಂದ ಅದನ್ನು ಹಿಡಿದು ಒಂದು ಚಮತ್ಕಾರವನ್ನೂ ಮಾಡಿದ್ದಾನೆ: ಜನರೆಲ್ಲ ಆ ರಸವನ್ನು ಕುಡಿದು ಮತ್ತರಾಗಿರುವಾಗ ತನ್ನ ಸಪ್ಪೆ ಮಾತುಗಳನ್ನು ಯಾರು ಗಮನಿಸುತ್ತಾರೆ, ಆದುದರಿಂದ ತನಗೆ ಭಯವಿಲ್ಲವೆನ್ನುತ್ತಾನೆ. ಕಥೆಯ ಕೊನೆಯನ್ನು ಕಾಣದೆ ವ್ಯಥೆಪಡುವ ಓದುಗರು ಏಳನೆಯ ಶತಮಾನದಲ್ಲಿಯೂ ಇದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಮಗನ ಮುಂದಿದ್ದ ಕೆಲಸ ಸುಲಭವಾದುದಲ್ಲ. ತಂದೆಯು ಓದುಗರಿಂದ ಕುತೂಹಲವನ್ನು ಸಾಲವಾಗಿ ಪಡೆದು ಹೋಗಿದ್ದನು. ಬಾಕಿಯ ಪಟ್ಟಿ ಉದ್ದವಾಗಿತ್ತು. ಗಿಳಿ ಯಾರು? ಆ ಚಂಡಾಲ ಕನ್ಯೆಗೆ ಅಷ್ಟೊಂದು ದಿವ್ಯಸೌಂದರ್ಯ ಏಕೆ? ಪುಂಡರೀಕನ ದೇಹ ಎಲ್ಲಿಗೆ ಹೋಯಿತು? ಕಪಿಂಜಲನ ಗತಿಯೇನು? ಕುದುರೆಯ ವರ್ಣನೆಗೆ ಪುಟಗಟ್ಟಲೆ ವೆಚ್ಚ ಮಾಡಿದುದು ಸುಮ್ಮನೆಯೇ? ಉತ್ತರಭಾಗವು ಗಾತ್ರದಲ್ಲಿ ಪೂರ್ವಭಾಗಕ್ಕಿಂತ ಬಹಳ ಕಿರಿದು. ಆದರೂ ಇಷ್ಟನ್ನೂ ಅದು ಒಂದೊಂದಾಗಿ ತೀರಿಸುತ್ತದೆ.

ಚಂದ್ರಾಪೀಡನು ಮತ್ತೆ ಅಚ್ಛೋದದ ತೀರಕ್ಕೆ ಬರುವಷ್ಟರಲ್ಲಿ ಅನರ್ಥ ನಡೆದುಹೋಗಿರುತ್ತದೆ. ಅವನ ಮಿತ್ರ ವೈಶಂಪಾಯನನು ಆ ಸ್ಥಳವನ್ನು ಬಿಟ್ಟು ಬರಲೊಲ್ಲದೆ, ಏನೋ ಕಳೆದುಕೊಂಡವನಂತೆ ಅಲೆದಾಡಿ, ಕೊನೆಗೆ ಮಹಾಶ್ವೇತೆಯನ್ನು ಪ್ರೇಮಕ್ಕಾಗಿ ಕಾಡಿರುತ್ತಾನೆ. ಪುಂಡರೀಕನನ್ನಲ್ಲದೆ ಅನ್ಯನನ್ನು ನೆನೆಯದ ಆಕೆ, ಕಲಿತ ಮಾತನ್ನೇ ಆಡುವ ಗಿಳಿಯಾಗಿ ಹುಟ್ಟೆಂದು ಅವನಿಗೆ ಶಾಪವಿತ್ತಿರುತ್ತಾಳೆ. ಇದನ್ನು ಕೇಳಿದೊಡನೆ ಚಂದ್ರಾಪೀಡನ ಹೃದಯ ಒಡೆದು ಅವನು ಅಲ್ಲಿಯೇ ಬಿದ್ದು ಸಾಯುತ್ತಾನೆ. ಕಾದಂಬರಿ ಬರುವುದು ಆ ಹೊತ್ತಿಗೆ. ಪತ್ರಲೇಖೆಯು ಇಂದ್ರಾಯುಧವನ್ನು ಎಳೆದುಕೊಂಡು ಸರೋವರಕ್ಕೆ ಧುಮುಕುತ್ತಾಳೆ. ನೀರಿನಿಂದ ಮೇಲೆದ್ದು ಬರುವವನು ಕಪಿಂಜಲ! ಆಕಾಶಮಾರ್ಗದಲ್ಲಿ ದುಡುಕಿನಿಂದ ದೇವತೆಯೊಬ್ಬನನ್ನು ತುಳಿದು ಹೋದುದಕ್ಕಾಗಿ ಶಾಪ ಪಡೆದು ಕುದುರೆಯಾಗಿದ್ದವನು ಅವನೇ. ಅವನ ಬಾಯಿಂದ ಉಳಿದ ರಹಸ್ಯ ಹೊರಬೀಳುತ್ತದೆ. ಸಾಯುವ ಮುನ್ನ ಪುಂಡರೀಕನು, ತನ್ನನ್ನು ಸುಟ್ಟ ಚಂದ್ರನೂ ಭೂಮಿಯಲ್ಲಿ ಹುಟ್ಟಿ ವಿರಹದಿಂದ ಸಾಯಲೆಂದು ಶಪಿಸಿದ್ದನು, ಚಂದ್ರನೂ ಪ್ರತಿಶಾಪವಿತ್ತನು. ಆ ಚಂದ್ರನೇ ಚಂದ್ರಾಪೀಡ, ಪುಂಡರೀಕನೇ ವೈಶಂಪಾಯನ. ಮಹಾಶ್ವೇತೆ ಗುರುತಿಸದೆ ಶಪಿಸಿದುದು ತನ್ನ ಪ್ರಿಯನನ್ನೇ.

ಇನ್ನೊಂದು ಗಂಟು ಇದಕ್ಕಿಂತ ಬಿಗಿಯಾದುದು. ಗಿಳಿಯ ಬಾಯಿಂದ ಈ ಕಥೆಯನ್ನೆಲ್ಲ ಕೇಳುತ್ತ ಸಿಂಹಾಸನದ ಮೇಲೆ ಕುಳಿತ ಶೂದ್ರಕ ರಾಜನು ಸತ್ತ ಚಂದ್ರಾಪೀಡನ ಮರುಜನ್ಮ. ಯಾವನೋ ಒಬ್ಬ ರಾಜಕುಮಾರನ ಕಥೆಯೆಂದು ಕುತೂಹಲದಿಂದ ಕೇಳುತ್ತಿದ್ದವನಿಗೆ ಅದು ತನ್ನದೇ ಕಥೆಯೆಂದು ಕೊನೆಯಲ್ಲಿ ತಿಳಿಯುತ್ತದೆ. ಚಂಡಾಲ ಕನ್ಯೆಯ ವೇಷದಲ್ಲಿದ್ದವಳು ಪುಂಡರೀಕನ ತಾಯಿಯಾದ ಲಕ್ಷ್ಮಿ. ಮಗನು ಮತ್ತೆ ದುಡುಕದಂತೆ ಶಾಪದ ಅವಧಿ ಮುಗಿಯುವವರೆಗೆ ಪಂಜರದಲ್ಲಿಟ್ಟು ಕಾದವಳು. ಮೊದಲ ಪುಟದಲ್ಲಿ ಬಾಣನು ಇಟ್ಟ ಮೂಲಧನ ಕೊನೆಯ ಪುಟದಲ್ಲಿ ಬಡ್ಡಿಸಹಿತ ಹಿಂದಿರುಗುವುದೆಂದರೆ ಇದೇ.

ಹೃದಯ ಒಡೆದು ಸಾಯುವುದು ಕವಿಗಳ ಅತಿಶಯೋಕ್ತಿಯೆಂದು ತಳ್ಳಿಹಾಕುವವರುಂಟು. ಆರೋಗ್ಯ ವಿಷಯಕ ಲೇಖನಗಳೂ ಅಚ್ಚಾಗುವ ಸಂಚಿಕೆಯಾದುದರಿಂದ ಇಲ್ಲಿ ಒಂದು ಮಾತು ಹೇಳಬಹುದು. ತೀವ್ರವಾದ ದುಃಖ ಅಥವಾ ಆಘಾತವಾದಾಗ ಹೃದಯದ ಎಡ ಹೃತ್ಕುಕ್ಷಿಯ ಸ್ನಾಯು ಒಮ್ಮೆಲೇ ದುರ್ಬಲವಾಗಿ ಉಬ್ಬಿಕೊಳ್ಳುವ ಸ್ಥಿತಿಯೊಂದನ್ನು ಜಪಾನಿನ ವೈದ್ಯರು 1990ರಲ್ಲಿ ಗುರುತಿಸಿ ಹೆಸರಿಟ್ಟರು. ಉಬ್ಬಿದ ಆಕಾರವು ಆ ದೇಶದ ಬೆಸ್ತರು ಅಷ್ಟಪದಿಯನ್ನು ಹಿಡಿಯಲು ಬಳಸುವ ಮಡಕೆಯನ್ನು ಹೋಲುವುದರಿಂದ ಅದಕ್ಕೆ ಟಾಕೋತ್ಸುಬೋ ಎಂದು ಹೆಸರು. ಮುಟ್ಟು ನಿಂತ ಸ್ತ್ರೀಯರಲ್ಲಿ ಇದು ಹೆಚ್ಚು. ಎದೆನೋವು, ಉಸಿರಾಟದ ತೊಂದರೆಗಳು ಹೃದಯಾಘಾತದಂತೆಯೇ ಇರುವುದರಿಂದ ಮನೆಯಲ್ಲಿ ಇವೆರಡನ್ನೂ ಬೇರ್ಪಡಿಸಿ ತಿಳಿಯುವುದು ಸಾಧ್ಯವಿಲ್ಲ. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಸಮಾಧಾನದ ಸಂಗತಿಯೆಂದರೆ ಚಿಕಿತ್ಸೆ ದೊರೆತ ಬಹುಮಂದಿಯ ಹೃದಯ ಕೆಲವು ವಾರಗಳಲ್ಲಿ ಮೊದಲಿನಂತಾಗುತ್ತದೆ. ಚಂದ್ರಾಪೀಡನ ಹೃದಯಕ್ಕೆ ಮಾತ್ರ ಹೆಚ್ಚು ಕಾಲ ಹಿಡಿಯಿತು.

ಆ ಕಾಲವೇ ಉತ್ತರಭಾಗದ ಸಾರವತ್ತಾದ ಅಂಶ. ದೇಹವನ್ನು ದಹಿಸಬೇಡ, ಶಾಪ ಮುಗಿಯುವವರೆಗೆ ಕಾಪಾಡು ಎಂದು ಅಶರೀರವಾಣಿಯಾಗುತ್ತದೆ. ಸಹಗಮನಕ್ಕೆ ಸಿದ್ಧಳಾಗಿದ್ದ ಕಾದಂಬರಿ ಮನಸ್ಸನ್ನು ಗಟ್ಟಿಮಾಡಿಕೊಂಡು ಪ್ರಿಯನ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ರಾತ್ರಿಯನ್ನು ಕಳೆಯುತ್ತಾಳೆ. ಬೆಳಗಾದಾಗ ದೇಹ ಕೆಡದೆ ಇರುವುದನ್ನು ಕಂಡು ಪ್ರತಿದಿನವೂ ದೇವರಿಗೆಂಬಂತೆ ಪೂಜೆ ಸಲ್ಲಿಸುತ್ತಾಳೆ. ಸುದ್ದಿ ಕೇಳಿ ಉಜ್ಜಯಿನಿಯಿಂದ ತಾರಾಪೀಡನೂ ವಿಲಾಸವತಿಯೂ ಬರುತ್ತಾರೆ. ಮಗನನ್ನು ಊರಿಗೆ ಒಯ್ಯುವಂತಿಲ್ಲ. ಅವನನ್ನು ಬಿಟ್ಟು ಅವರೂ ಹೋಗಲಾರರು. ರಾಜ್ಯವನ್ನು ತೊರೆದು ಆ ಕಾಡಿನಲ್ಲಿಯೇ ಗುಡಿಸಲು ಕಟ್ಟಿಕೊಂಡು ನಿಲ್ಲುತ್ತಾರೆ. ಹುಬ್ಬಳ್ಳಿಯನ್ನೋ ಉಡುಪಿಯನ್ನೋ ಬಿಟ್ಟು, ಮಕ್ಕಳಿರುವಲ್ಲಿಯೇ ತಮ್ಮ ಊರೆಂದು ಮಣಿನಗರದ ಮೂರನೆಯ ಮಹಡಿಯಲ್ಲಿ ನೆಲೆಸಿದ ಹಿರಿಯರಿಗೆ ಈ ಭಾಗದಲ್ಲಿ ಪಾಂಡಿತ್ಯದ ವಿವರಣೆ ಬೇಕಾಗಲಾರದು. ಇಂದಿನ ಸಂಪುಟಗಳಲ್ಲಿ ಅಂತಿಮ ಭಾಗವೆಂದರೆ ಮಹಾಯುದ್ಧ. ಬಾಣನ ಮಗನು ಯುದ್ಧವನ್ನು ಮಾಡಿಸಲಿಲ್ಲ. ಕಾಯುವುದನ್ನೇ ಸಾಹಸವಾಗಿ ಮಾಡಿದನು.

ಮಗನಿಗೆ ತಂದೆಯ ಶೈಲಿ ಒಲಿಯಲಿಲ್ಲವೆಂಬುದು ವಿಮರ್ಶಕರ ಸಾಮಾನ್ಯವಾದ ಅಭಿಪ್ರಾಯ. ಅದು ನಿಜವೇ. ಪುಟದುದ್ದದ ವಾಕ್ಯಗಳು, ಶ್ಲೇಷೆಗಳ ಸರಮಾಲೆ, ವಿಂಧ್ಯಾಟವಿಯಂತೆ ದಟ್ಟವಾದ ವರ್ಣನೆ ಇವು ಇಲ್ಲಿ ತೆಳುವಾಗುತ್ತವೆ. ಆದರೆ ಸಾಲ ತೀರಿಸುವವನು ಆಡಂಬರ ಮಾಡಿದರೆ ಸಾಲ ತೀರುವುದಿಲ್ಲ; ಕಥೆ ಸಾಗಲೇಬೇಕಾದ ಎಡೆಯಲ್ಲಿ ಈ ವೇಗ ಗುಣವೇ ಆಗಿದೆ. ಭೋಜರಾಜನ ಆಸ್ಥಾನದಲ್ಲಿದ್ದ ಜೈನಕವಿ ಧನಪಾಲನು ತನ್ನ ತಿಲಕಮಂಜರಿಯಲ್ಲಿ, ಬಾಣವೊಂದೇ ಕವಿಗಳ ಮದವನ್ನು ಇಳಿಸಬಲ್ಲುದು, ಅದನ್ನು ಹೂಡುವ ಪುಲಿಂಧ್ರನೂ ಜೊತೆಗಿದ್ದರೆ ಹೇಳಬೇಕೆ ಎಂಬರ್ಥದ ಶ್ಲೇಷೆಯಿಂದ ತಂದೆ ಮಗ ಇಬ್ಬರನ್ನೂ ಹೊಗಳಿದ್ದಾನೆ.

ಮಗನು ಕಥೆಯ ಅಂತ್ಯವನ್ನು ಸ್ವಂತವಾಗಿ ಕಲ್ಪಿಸಿದನೇ? ಪೂರ್ತಿಯಾಗಿ ಅಲ್ಲ. ಗುಣಾಢ್ಯನ ಬೃಹತ್ಕಥೆಯಲ್ಲಿ ಇದರ ಬೀಜವಿತ್ತೆಂದು ವಿದ್ವಾಂಸರು ತಿಳಿಯುತ್ತಾರೆ. ಮೂಲ ಬೃಹತ್ಕಥೆ ಉಳಿದಿಲ್ಲ; ಅದನ್ನಾಧರಿಸಿ ಹನ್ನೊಂದನೆಯ ಶತಮಾನದಲ್ಲಿ ಸೋಮದೇವನು ರಚಿಸಿದ ಕಥಾಸರಿತ್ಸಾಗರದಲ್ಲಿ ಸುಮನಸನೆಂಬ ರಾಜ, ಗಿಳಿಯನ್ನು ತರುವ ನಿಷಾದ ಕನ್ಯೆ, ಸರೋವರ ತೀರದ ತಪಸ್ವಿನಿ ಎಲ್ಲರೂ ಬರುತ್ತಾರೆ. ಗಂಗರಾಜ ದುರ್ವಿನೀತನು ವಡ್ಡಕಥೆಯನ್ನು, ಅಂದರೆ ಇದೇ ಬೃಹತ್ಕಥೆಯನ್ನು, ಸಂಸ್ಕೃತಕ್ಕೆ ತಂದನೆಂದು ಶಾಸನಗಳು ಹೇಳುವುದರಿಂದ ಕರ್ಣಾಟಕಕ್ಕೂ ಈ ಕಥಾಮೂಲಕ್ಕೂ ನಂಟು ಹಳೆಯದು. ಕಥಾಸರಿತ್ಸಾಗರದ ಕಥೆಗಳನ್ನು ಕನ್ನಡದಲ್ಲಿ ಓದಬಯಸುವವರಿಗೆ ಎ. ಆರ್. ಕೃಷ್ಣಶಾಸ್ತ್ರಿಗಳ ಕಥಾಮೃತ ಇದೆ.

ಬಾಣನ ಕೃತಿಯನ್ನೇ ಕನ್ನಡಕ್ಕೆ ತಂದವನು ಒಂದನೆಯ ನಾಗವರ್ಮ. ಕಾಲ ಹತ್ತನೆಯ ಶತಮಾನದ ಕೊನೆ. ಛಂದೋಂಬುಧಿಯ ಕರ್ತೃವೂ ಇವನೇ. ಇವನ ಮನೆತನ ವೆಂಗಿನಾಡಿನಿಂದ ಬಂದುದು. ಸಂಸ್ಕೃತದ ಗದ್ಯವನ್ನು ಇವನು ಗದ್ಯಪದ್ಯಗಳು ಬೆರೆತ ಚಂಪೂರೂಪಕ್ಕೆ ಮಾರ್ಪಡಿಸಿದನು. ಬಾಣನ ದೀರ್ಘ ಸಮಾಸಗಳನ್ನು ಕತ್ತರಿಸಿ, ಶ್ಲೇಷೆಗಳನ್ನು ಇಳಿಸಿ, ಕಥೆಯ ಎಳೆಯನ್ನೂ ಭಾವವನ್ನೂ ಬಿಡದೆ ಉಳಿಸಿಕೊಂಡನು. ಉತ್ತರಭಾಗವನ್ನೂ ಬಿಡದೆ ಕನ್ನಡಿಸಿದುದರಿಂದ ಕನ್ನಡದಲ್ಲಿ ಆ ಕಥೆ ಆದಿಯಿಂದ ಅಂತ್ಯದವರೆಗೆ ಒಂದೇ ಕೈಯಲ್ಲಿ ಸಾಗಿತು. ಸಂಸ್ಕೃತದಲ್ಲಿ ತಂದೆ ಮಗನ ನಡುವೆ ಕಾಣುವ ಹೊಲಿಗೆ ಕರ್ಣಾಟಕ ಕಾದಂಬರಿಯಲ್ಲಿ ಕಾಣುವುದಿಲ್ಲ. ಇದನ್ನು ಮೆಚ್ಚಿ ಭೋಜರಾಜನು ಜಾತ್ಯಶ್ವಗಳನ್ನು ಕೊಟ್ಟನೆಂಬ ಹೇಳಿಕೆಯೊಂದುಂಟು. ಅದರ ಕಾಲನಿರ್ಣಯ ವಿದ್ವಾಂಸರ ಚರ್ಚೆಗೆ ಸೇರಿದುದಾದರೂ, ಕುದುರೆಯೇ ಮಿತ್ರನಾಗಿರುವ ಕಥೆಗೆ ಕುದುರೆಗಳ ಬಹುಮಾನ ತಕ್ಕುದೇ ಆಗಿದೆ.

ಕನ್ನಡಕ್ಕೆ ಬಂದಂತೆ ಗುಜರಾತಿಗೂ ಇದು ಬಂದಿತು. ಅಹಮದಾಬಾದಿನ ಕನ್ನಡಿಗರು ರಜೆಯಲ್ಲಿ ರಾಣೀ ಕೀ ವಾವ್ ಎಂಬ ಮೆಟ್ಟಿಲುಬಾವಿಯನ್ನು ನೋಡಲು ಪಾಟಣಕ್ಕೆ ಹೋಗುತ್ತಾರೆ. 2014ರಲ್ಲಿ ವಿಶ್ವಪರಂಪರೆಯ ತಾಣವಾಗಿ ಘೋಷಿತವಾದ ಈ ಬಾವಿಯ ಊರಿನಲ್ಲಿಯೇ ಭಾಲಣನೆಂಬ ಕವಿ ಇದ್ದನು. ಗುಜರಾತಿನ ಆಖ್ಯಾನ ಕಾವ್ಯಪರಂಪರೆಗೆ ಮೂಲಪುರುಷನೆಂದು ಅವನನ್ನು ಗೌರವಿಸುತ್ತಾರೆ. ಅವನು ಬಾಣನ ಕಾದಂಬರಿಯನ್ನು ಹಳೆಯ ಗುಜರಾತಿಯ ಪದ್ಯದಲ್ಲಿ ರಚಿಸಿದನು. ಕೇಳುವ ಆಸೆಯಿದ್ದೂ ಸಂಸ್ಕೃತ ತಿಳಿಯದ ಸರಳ ರಸಿಕರಿಗಾಗಿ ಈ ಕೆಲಸ ಮಾಡಿದೆನೆಂಬುದು ಅವನ ವಿವರಣೆ. ಅದನ್ನು ಆಧುನಿಕ ಕಾಲದಲ್ಲಿ ಸಂಪಾದಿಸಿ ಕೊಟ್ಟವರು ವಿದ್ವಾಂಸ ಕೇಶವಲಾಲ ಹರ್ಷದರಾಯ ಧ್ರುವ. ಸಂಸ್ಕೃತ ಮೂಲಕ್ಕೆ ಪ್ರಸಿದ್ಧವಾದ ಟೀಕೆಯನ್ನು ಬರೆದವರು ಅಕ್ಬರನ ಆಸ್ಥಾನಕ್ಕೆ ಹೋಗಿದ್ದ ಜೈನಮುನಿಗಳಾದ ಭಾನುಚಂದ್ರ ಮತ್ತು ಸಿದ್ಧಿಚಂದ್ರ. ಇಲ್ಲಿಯೂ ಒಂದು ಕೌತುಕವಿದೆ. ಪೂರ್ವಭಾಗದ ಟೀಕೆ ಗುರು ಭಾನುಚಂದ್ರನದು. ಉತ್ತರಭಾಗದ್ದು ಶಿಷ್ಯ ಸಿದ್ಧಿಚಂದ್ರನದು. ಈ ಗ್ರಂಥದ ಕೊನೆಯ ಭಾಗವೆಂದರೆ ಮುಂದಿನ ತಲೆಮಾರಿನ ಪಾಲೆಂದು ವಿಧಿಯೇ ಬರೆದಿಟ್ಟಂತಿದೆ.

ಇಷ್ಟಾದರೂ ಡ್ರ್ಯಾಗನ್ನಿನ ಓದುಗರು ಕೇಳಬಹುದು: ಗಿಳಿ ಕುದುರೆಗಳು ಸರಿ, ಸರ್ಪವೆಲ್ಲಿ? ಸರ್ಪವೂ ಇದೆ, ಅದೂ ಸೂರತ್ ವಡೋದರೆಗಳ ಸೀಮೆಯಲ್ಲಿಯೇ. ಪಾಶ್ಚಾತ್ಯರ ಡ್ರ್ಯಾಗನ್ ನಿಧಿಯನ್ನು ಕಾಯುತ್ತದೆ. ನಮ್ಮ ಹಳ್ಳಿಗಳ ಕಥೆಗಳಲ್ಲಿ ನಿಧಿಯನ್ನು ಕಾಯುವುದು ಸರ್ಪವೇ. ಪಶ್ಚಿಮದ ಹಳೆಯ ಕಥೆಗಳಲ್ಲಿ ವೀರನು ಅದನ್ನು ಕೊಲ್ಲುವುದು ವಾಡಿಕೆ. ಭಾರತದ ಕವಿಗಳಿಗೆ ನಾಗರು ಪಾತಾಳದಲ್ಲಿ ರಾಜ್ಯವಾಳುವ, ಮನುಷ್ಯರೊಡನೆ ಸಂಬಂಧ ಬೆಳೆಸುವ ಜನಾಂಗ. ಅರ್ಜುನನು ನಾಗಕನ್ಯೆ ಉಲೂಪಿಯನ್ನು ವರಿಸಿದನು. ಬಾಣನ ಆಶ್ರಯದಾತನಾದ ಹರ್ಷನ ಹೆಸರಿನಲ್ಲಿರುವ ನಾಗಾನಂದ ನಾಟಕದಲ್ಲಿ ಜೀಮೂತವಾಹನನು ನಾಗಕುಮಾರನೊಬ್ಬನನ್ನು ಉಳಿಸಲು ಗರುಡನಿಗೆ ತನ್ನ ದೇಹವನ್ನೇ ಒಡ್ಡುತ್ತಾನೆ.

ಹನ್ನೊಂದನೆಯ ಶತಮಾನದಲ್ಲಿ ಸೋಡ್ಢಲನೆಂಬ ಕವಿ ಉದಯಸುಂದರೀಕಥಾ ಎಂಬ ಚಂಪೂಗ್ರಂಥವನ್ನು ಬರೆದನು. ಅವನು ಲಾಟದೇಶದವನು. ಇಂದಿನ ದಕ್ಷಿಣ ಗುಜರಾತಿಗೆ ಆಗ ಲಾಟವೆಂದು ಹೆಸರು. ಅದಕ್ಕೆ ಎರಡು ಶತಮಾನಗಳ ಹಿಂದೆ ಮಾನ್ಯಖೇಟದ ರಾಷ್ಟ್ರಕೂಟರ ಶಾಖೆಯೊಂದು ಆ ನಾಡನ್ನು ಆಳುತ್ತಿತ್ತು. ಆ ಶಾಖೆಯ ಕರ್ಕನು ಕ್ರಿ.ಶ. 812ರಲ್ಲಿ ಹೊರಡಿಸಿದ ತಾಮ್ರಶಾಸನದಲ್ಲಿ ವಡೋದರೆಯು ಒಂದು ಗ್ರಾಮವಾಗಿ ಕಾಣಿಸಿಕೊಳ್ಳುತ್ತದೆ. ಸೋಡ್ಢಲನು ಕೊಂಕಣದ ಶಿಲಾಹಾರ ಅರಸರ ಆಶ್ರಯವನ್ನೂ ಪಡೆದಿದ್ದನು. ಅವನ ಕಥೆಯ ನಾಯಿಕೆ ಉದಯಸುಂದರಿ ನಾಗರಾಜ ಶಿಖಂಡತಿಲಕನ ಮಗಳು. ನಾಯಕ ಪ್ರತಿಷ್ಠಾನದ ರಾಜ ಮಲಯವಾಹನ. ಭೂಮಿಯ ಅರಸನೊಬ್ಬನು ಪಾತಾಳದ ಸರ್ಪರಾಜಕುಮಾರಿಯನ್ನು ವಿವಾಹವಾಗುವವರೆಗಿನ ಪ್ರಸಂಗಗಳು ಎಂಟು ಉಚ್ಛ್ವಾಸಗಳಲ್ಲಿ ಸಾಗುತ್ತವೆ. ಬಾಣನೇ ಅವನ ಆದರ್ಶ. ವಡೋದರೆಯಿಂದ ಹೊರಡುವ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯ ಹನ್ನೊಂದನೆಯ ಸಂಪುಟವಾಗಿ 1920ರಲ್ಲಿ ಈ ಕೃತಿ ಅಚ್ಚಾಯಿತು. ಸರ್ಪಗಳ ಪ್ರೇಮಕಥೆಯನ್ನು ಇಂಗ್ಲಿಷಿನಲ್ಲಿ ಓದುವ ವಡೋದರೆಯ ಹುಡುಗಿಯೊಬ್ಬಳಿಗೆ ಈ ಸಂಗತಿ ಗೊತ್ತಿದ್ದರೆ ಸಂತೋಷಪಟ್ಟಾಳು. ಹೇಳುವವರು ಬೇಕಷ್ಟೆ.

ಕೊನೆಯ ಸಂಪುಟವೆಂದರೆ ಎಲ್ಲವೂ ಸುಖಾಂತವೆಂದು ತಿಳಿಯಬೇಕಾಗಿಲ್ಲ. ಅಹಮದಾಬಾದ್ ವಡೋದರೆಗಳ ನಡುವಣ ನಡಿಯಾದ್ ಊರಿನ ಗೋವರ್ಧನರಾಮ ತ್ರಿಪಾಠಿಗಳು (1855–1907) ಸರಸ್ವತೀಚಂದ್ರವೆಂಬ ನವಲಕಥೆಯನ್ನು ನಾಲ್ಕು ಭಾಗಗಳಲ್ಲಿ ಪ್ರಕಟಿಸಿದರು: 1887, 1892, 1898, 1901. ಮೊದಲ ಭಾಗ ಓದಿದ ತರುಣರು ಕೊನೆಯದನ್ನು ಓದುವಾಗ ಹದಿನಾಲ್ಕು ವರ್ಷ ಹಿರಿಯರಾಗಿದ್ದರು. ನಾಯಕನೊಡನೆ ನಿಶ್ಚಯವಾಗಿದ್ದ ಕುಮುದಳು ಬೇರೊಬ್ಬನ ಹೆಂಡತಿಯಾಗಿ, ವಿಧವೆಯಾಗಿ, ಮತ್ತೆ ಅವನನ್ನು ಸಂಧಿಸುತ್ತಾಳೆ. ಇನ್ನೇನು ಕೂಡಿಬಂದಾರೆಂದು ಓದುಗರು ಎಣಿಸುವಾಗ ಗ್ರಂಥಕಾರರು ಆ ವಿವಾಹವನ್ನು ಮಾಡಿಸಲಿಲ್ಲ. ಕುಮುದಳ ಒತ್ತಾಯದಿಂದ ನಾಯಕನು ಅವಳ ತಂಗಿ ಕುಸುಮಳನ್ನು ವರಿಸುತ್ತಾನೆ. ಇದಕ್ಕೆ ಎರಡೇ ವರ್ಷ ಮೊದಲು, 1899ರಲ್ಲಿ, ಮಂಗಳೂರಿನಲ್ಲಿ ಪ್ರಕಟವಾದ ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿಯಲ್ಲಿ ಬಾಲವಿಧವೆಯಾದ ಇಂದಿರೆಗೆ ಮರುಮದುವೆ ನಡೆದುಹೋಗಿತ್ತು! ಗೋವರ್ಧನರಾಮರ ನಿರ್ಣಯಕ್ಕೆ ತಾತ್ತ್ವಿಕ ಸಮರ್ಥನೆಗಳಿವೆ. ಅವನ್ನೆಲ್ಲ ಓದಿದ ಮೇಲೆಯೂ ಕುಮುದಳ ಪಾಲಿನ ಬಾಕಿ ಬಾಕಿಯಾಗಿಯೇ ಉಳಿಯುತ್ತದೆಂದು ಹೇಳದೆ ವಿಧಿಯಿಲ್ಲ. ಒಂದು ಕಥೆಯ ಕೊನೆಯಲ್ಲಿ ಯಾರಿಗೆ ಸಂದಿತು, ಯಾರಿಗೆ ಸಲ್ಲಲಿಲ್ಲ ಎಂಬುದರಿಂದ ಆ ಕಾಲದ ಸಮಾಜವನ್ನು ಅಳೆಯಬಹುದು.

ಈ ದೃಷ್ಟಿಯಿಂದ ನೋಡಿದರೆ ಬಾಣನ ಮಗನ ಲೆಕ್ಕ ಬಹಳ ಎಚ್ಚರಿಕೆಯದು. ಶಾಪ ಮುಗಿದ ಗಳಿಗೆಯಲ್ಲಿ ವಿದಿಶೆಯಲ್ಲಿ ಶೂದ್ರಕನೂ ಗಿಳಿಯೂ ದೇಹ ಬಿಡುತ್ತಾರೆ. ಅತ್ತ ಅಚ್ಛೋದದ ತೀರದಲ್ಲಿ ವಸಂತಕಾಲದ ಮದನೋತ್ಸವದ ದಿನ. ಕಾದಂಬರಿ ಆ ದೇಹಕ್ಕೆ ಸ್ನಾನಮಾ‍ಡಿಸಿ, ಗಂಧ ಲೇಪಿಸಿ, ಹೂ ಮುಡಿಸಿ, ತಡೆಯಲಾರದೆ ಅಪ್ಪಿಕೊಳ್ಳುತ್ತಾಳೆ. ಚಂದ್ರಾಪೀಡನು ನಿದ್ರೆಯಿಂದೆದ್ದವನಂತೆ ಕಣ್ತೆರೆಯುತ್ತಾನೆ. ಪುಂಡರೀಕನು ಕಪಿಂಜಲನ ಕೈಹಿಡಿದು ಆಕಾಶದಿಂದ ಇಳಿದು ಬರುತ್ತಾನೆ. ಮಹಾಶ್ವೇತೆಯ ತಪಸ್ಸು ಫಲಿಸುತ್ತದೆ. ತಂದೆತಾಯಿಗಳ ವನವಾಸ ಮುಗಿಯುತ್ತದೆ. ಎರಡು ವಿವಾಹಗಳೂ ನೆರವೇರುತ್ತವೆ. ಇಲ್ಲಿಗೆ ಮುಗಿಸಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಎಲ್ಲರೂ ಮತ್ತೆ ಕೂಡಿದಾಗ ಒಬ್ಬಳು ಮಾತ್ರ ಕಾಣಿಸುತ್ತಿಲ್ಲವೆಂಬುದನ್ನು ಕಾದಂಬರಿಯೇ ಗಮನಿಸುತ್ತಾಳೆ. ತನ್ನ ಅಳಲನ್ನು ಉಜ್ಜಯಿನಿಗೆ ಹೊತ್ತು ಹೋದವಳು, ಬಾಣನ ಲೇಖನಿ ನಿಂತಾಗ ಮಾತನಾಡುತ್ತಿದ್ದವಳು, ಕುದುರೆಯೊಡನೆ ಸರೋವರಕ್ಕೆ ಹಾರಿದ ಆ ಪತ್ರಲೇಖೆ ಎಲ್ಲಿ ಎಂದು ಕಣ್ಣೀರು ತುಂಬಿ ಪತಿಯನ್ನು ಕೇಳುತ್ತಾಳೆ. ಅವಳು ಚಂದ್ರನ ಪ್ರಿಯಪತ್ನಿ ರೋಹಿಣಿಯೆಂದೂ, ಶಾಪಗ್ರಸ್ತನಾದ ಗಂಡನೊಬ್ಬನೇ ಭೂಲೋಕದಲ್ಲಿ ಕಷ್ಟಪಡಬಾರದೆಂದು ತಡೆದರೂ ಕೇಳದೆ ಮೊದಲೇ ಇಳಿದು ಬಂದು ಜನ್ಮವೆತ್ತಿದವಳೆಂದೂ, ಈಗ ತನ್ನ ಲೋಕದಲ್ಲಿ ಕ್ಷೇಮವಾಗಿದ್ದಾಳೆಂದೂ ಚಂದ್ರಾಪೀಡನು ಉತ್ತರ ಕೊಡುತ್ತಾನೆ.